ಲಂಟಾನ ಕಿತ್ತಷ್ಟೂ ಜಾಸ್ತಿ ಬರುತ್ತಿದೆ, ಏನು ಮಾಡುವುದು?

ರಾಗಿಹೊಲ
ಎಲ್ಲರಿಗೂ ನಮಸ್ಕಾರ. ನಾನು ಹನೂರು ಕಡೆಯವನು. ಮೂರೂವರೆ ಎಕರೆ ಜಮೀನಿದೆ, ಪಡುವಣ ಅಂಚು ಕಾಡಿಗೆ ತಾಗಿಕೊಂಡಿದೆ. ಮಧ್ಯೆ ಆನೆ ಬರದಿರಲಿ ಅಂತ ತೋಡಿದ ಕಂದಕ ಇದೆ, ಅದೂ ಅರ್ಧ ಮುಚ್ಚಿಹೋಗಿದೆ. ಅಪ್ಪನಿಗೆ ಹುಷಾರಿಲ್ಲದೆ ಆ ಅಂಚಿನ ಮುಕ್ಕಾಲು ಎಕರೆ ನಾಲ್ಕು ವರ್ಷ ಬೀಳು ಬಿದ್ದಿತ್ತು. ಈಗ ಅಲ್ಲಿ ಕಾಲಿಡಲು ಜಾಗವಿಲ್ಲ, ಪೂರ್ತಿ ಲಂಟಾನ. ಅಜ್ಜಿ ಇದನ್ನು ರೋಜದ ಗಿಡ ಅನ್ನುತ್ತಿದ್ದರು, ಹೂವಿನ ಚೆಂದ ನೋಡಿ ಇಟ್ಟ ಹೆಸರಿರಬೇಕು.

ಹೋದ ಮೇ ತಿಂಗಳಲ್ಲಿ ಜೆಸಿಬಿ ತರಿಸಿ ಬುಡಸಮೇತ ಕೀಳಿಸಿದೆ. ನೆಲ ಕಂಡು ಖುಷಿಯಾಯಿತು. ಎರಡು ಮಳೆ ಬಿತ್ತು ನೋಡಿ, ರಾಗಿ ಪೈರು ಎದ್ದ ಹಾಗೆ ಸಾಲು ಸಾಲು ಲಂಟಾನ ಎದ್ದಿತು! ಮೊದಲಿಗಿಂತ ಒತ್ತಾಗಿ. ಈಗ ಅದರೊಳಗೆ ಹಂದಿ ಮಲಗುತ್ತವೆ, ರಾತ್ರಿ ಎದ್ದು ಬಂದು ಹೊಲ ಉಳುತ್ತವೆ. ಬೇಸಿಗೆಯಲ್ಲಿ ಮೇವಿಲ್ಲದಾಗ ನಮ್ಮ ಒಂದು ಹಸು ಇದರ ಎಲೆ ತಿಂದು ಕಣ್ಣು ಹಳದಿಯಾಗಿ, ಮೂತಿಯ ಚರ್ಮ ಸುಲಿದು ಹೋಯಿತು. ಡಾಕ್ಟರು ಬಂದು ನೆರಳಿನಲ್ಲಿ ಕಟ್ಟಿ ಅಂದರು. ಹೇಗೋ ಉಳಿಯಿತು.

ಪಕ್ಕದ ಹೊಲದವರು ಬೆಂಕಿ ಹಾಕು ಅನ್ನುತ್ತಾರೆ. ಗೊಬ್ಬರದ ಅಂಗಡಿಯವರು ಕಳೆನಾಶಕ ಹೊಡಿ ಅನ್ನುತ್ತಾರೆ. ನೀವೇನು ಅನ್ನುತ್ತೀರಿ?

ಅಡಿಕೆಬೇರು
ನಿಮ್ಮದು ಲಂಟಾನ, ನಮ್ಮದು ಕಮ್ಯುನಿಸ್ಟ್ ಗಿಡ. ಸಾಗರದ ಕಡೆ ಬೆಟ್ಟ, ಸೊಪ್ಪಿನ ಹಾಡ್ಯ ಎಲ್ಲ ಅದೇ. ಊರಿಗೆ ಬಂದರೆ ರಸ್ತೆ ಬದಿಗೆ ಕಾಂಗ್ರೆಸ್ ಗಿಡ. ಉಳಿದ ಪಕ್ಷದವರ ಹೆಸರಲ್ಲಿ ಯಾವ ಗಿಡವೂ ಬಂದಿಲ್ಲ ಅಲ್ವಾ?

ನಿರ್ವಾಹಕ
ಗಿಡದ ಬಗ್ಗೆ ಮಾತ್ರ ಮಾತಾಡೋಣ ಅಣ್ಣ. ಹೋದ ಸಲ ಇದೇ ತಮಾಷೆಯಿಂದ ಶುರುವಾಗಿ ಒಂದು ಇಡೀ ಚರ್ಚೆ ಮುಚ್ಚಬೇಕಾಯಿತು.

ಕೀಟಪುರಾಣ
ರಾಗಿಹೊಲ ಅವರೇ, ಜೆಸಿಬಿ ಮಾಡಿದ್ದೇ ತಪ್ಪಾಯಿತು. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರೂ ಮೊದಲು ಅದನ್ನೇ ಮಾಡುತ್ತಾರೆ. ಲಂಟಾನದ ಕಪ್ಪು ಹಣ್ಣು ಪಿಕಳಾರಕ್ಕೆ, ಗೊರವಂಕಕ್ಕೆ ಪ್ರಾಣ. ವರ್ಷಾನುಗಟ್ಟಲೆ ಅವು ಹಾಕಿದ ಬೀಜ ನಿಮ್ಮ ನೆಲದಲ್ಲಿ ಕೂತಿತ್ತು. ಮೇಲಿನ ಪೊದೆ ಬಿಸಿಲು ತಡೆದಿತ್ತು. ನೀವು ಪೊದೆ ತೆಗೆದು, ಮಣ್ಣು ಬುಡಮೇಲು ಮಾಡಿ, ಬೀಜಕ್ಕೆ ಬಿಸಿಲು ತೋರಿಸಿದಿರಿ. ಉತ್ತು ಹದ ಮಾಡಿ ಬಿತ್ತಿದ ಹಾಗೆಯೇ ಆಯಿತು. ಜೊತೆಗೆ ಚಕ್ರದಡಿ ತುಂಡಾದ ಕಡ್ಡಿಗಳು ಹಸಿ ಮಣ್ಣಿಗೆ ಸಿಕ್ಕಿ ಅಲ್ಲಲ್ಲೇ ಬೇರು ಬಿಡುತ್ತವೆ.

ಇದು ನಮ್ಮ ನೆಲದ ಗಿಡವೇ ಅಲ್ಲ. ಅಮೆರಿಕ ಖಂಡದ ಬಿಸಿ ಸೀಮೆಯದು. 1800ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟಿಷರು ಕಲ್ಕತ್ತದ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆ ಅಂತ ತಂದರು. ಬೇಲಿಗೆ ಚೆನ್ನಾಗಿದೆ ಅಂತ ಬಂಗಲೆಯಿಂದ ಬಂಗಲೆಗೆ ದಾಟಿತು, ಅಲ್ಲಿಂದ ಹಕ್ಕಿ ಎತ್ತಿಕೊಂಡು ಹೋಯಿತು. ಈಗ ದೇಶದ ಹುಲಿ ಇರುವ ಕಾಡುಗಳಲ್ಲಿ ಶೇಕಡಾ 40ಕ್ಕಿಂತ ಜಾಸ್ತಿ ಜಾಗಕ್ಕೆ ಹೊಕ್ಕಿದೆ ಅಂತ 2020ರಲ್ಲಿ ಬಂದ ಅಧ್ಯಯನ ಹೇಳುತ್ತದೆ.

ಸಿಟಿ_ರೈತ
ಕಳೆನಾಶಕವನ್ನೇ ಒಂದು ಸಲ ಸರಿಯಾಗಿ ಹೊಡೆದರೆ ಮುಗಿಯುತ್ತಲ್ಲ? ಮುಕ್ಕಾಲು ಎಕರೆಗೆ ಇಷ್ಟೊಂದು ಯೋಚನೆ ಯಾಕೆ?

ನಿವೃತ್ತ_ವಾಚರ್
ಸಿಟಿ ರೈತರೇ, ಆಳೆತ್ತರ ಪೊದೆಗೆ ಹೊಡೆದರೆ ಹೊರಗಿನ ಎಲೆ ಒಣಗುತ್ತದೆ, ಒಳಗೆ ಬುಡ ಹಸಿರಾಗಿಯೇ ಇರುತ್ತದೆ. ಔಷಧಿ ಮಾತ್ರ ಮಳೆ ನೀರಿನ ಜೊತೆ ಹಳ್ಳಕ್ಕೆ ಹೋಗುತ್ತದೆ. ಆ ಹಳ್ಳದಲ್ಲಿ ಜಿಂಕೆ ನೀರು ಕುಡಿಯುತ್ತವೆ, ಊರಿನ ದನವೂ ಕುಡಿಯುತ್ತವೆ.

ಬೆಂಕಿ ವಿಷಯ. ಮೂವತ್ತು ವರ್ಷ ಕಾಡಲ್ಲಿ ವಾಚರ್ ಆಗಿದ್ದವನು ನಾನು, ದಯವಿಟ್ಟು ಆ ಕೆಲಸ ಮಾಡಬೇಡಿ. ಕಾಡಿಗೆ ಹತ್ತಿದರೆ ಕೇಸು ಬೀಳುತ್ತದೆ ಅನ್ನುವುದು ಹಾಗಿರಲಿ, ಲಂಟಾನದ ಬೆಂಕಿ ಹೇಗಿರುತ್ತದೆ ಅಂತ ನೀವು ನೋಡಿಲ್ಲ. ಹುಲ್ಲಿನ ಬೆಂಕಿ ಮೊಣಕಾಲು ಮಟ್ಟ ಬರುತ್ತದೆ, ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದರೆ ಆರುತ್ತದೆ. ನಾವು ಹಾಗೇ ಆರಿಸುತ್ತಿದ್ದೆವು. ಲಂಟಾನ ಹಾಗಲ್ಲ. ಬೇಸಿಗೆಗೆ ಒಳಗೊಳಗೇ ಒಣಗಿ, ಪಕ್ಕದ ಮರದ ಮೇಲೆ ಏಣಿ ಹಾಕಿದ ಹಾಗೆ ಹತ್ತಿ ಕೂತಿರುತ್ತದೆ. ಬೆಂಕಿ ಆ ಏಣಿ ಹಿಡಿದು ನೇರ ಮರದ ನೆತ್ತಿಗೆ ಹೋಗುತ್ತದೆ. ಪಟಪಟ ಅಂತ ಪಟಾಕಿ ಸದ್ದು. ಹತ್ತು ಮಾರು ದೂರ ನಿಂತರೂ ಮುಖ ಸುಡುತ್ತದೆ. ಬೆಂಕಿ ದಾಟದಿರಲಿ ಅಂತ ಬೆಂಕಿ ರೇಖೆ ಎಷ್ಟು ಅಗಲ ಸವರಿದ್ದರೇನು, ಎರಡೂ ಕಡೆ ಲಂಟಾನ ಇದ್ದರೆ ಕಿಡಿ ಹಾರಿ ದಾಟುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹತ್ತಿ ಉರಿದದ್ದು ನೆನಪಿದೆಯಲ್ಲ, ಸಾವಿರಾರು ಎಕರೆ.

ಇಷ್ಟೆಲ್ಲ ಸುಟ್ಟ ಮೇಲೆ ಮೊದಲ ಮಳೆಗೆ ಮೊದಲು ಚಿಗುರುವುದು ಯಾವುದು ಹೇಳಿ? ಅದೇ. ಬುಡದಿಂದ.

ಪೋಡಿನ_ದನಿ
ವಾಚರ್ ಅಣ್ಣ ಹೇಳಿದ್ದು ನಿಜ. ಆದರೆ ಬೆಂಕಿ ಅಂದರೆ ಎಲ್ಲ ಒಂದೇ ಅಲ್ಲ.

ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ. ನಮ್ಮ ತಾತಂದಿರು ತರಗು ಬೆಂಕಿ ಹಾಕುತ್ತಿದ್ದರು. ಸಂಕ್ರಾಂತಿ ಆಸುಪಾಸು, ಬೆಳಗಿನ ಇಬ್ಬನಿ ಇನ್ನೂ ಇರುವಾಗ. ನೆಲದ ತರಗೆಲೆ, ಒಣಹುಲ್ಲು ಮಾತ್ರ ಸುಟ್ಟು ಮಧ್ಯಾಹ್ನಕ್ಕೆ ತಾನೇ ಆರುತ್ತಿತ್ತು. ಉಣ್ಣೆ ಹುಳ ಸಾಯುತ್ತಿದ್ದವು, ಹೊಸ ಹುಲ್ಲು ಬರುತ್ತಿತ್ತು, ಕಾಡಲ್ಲಿ ದೂರದವರೆಗೆ ಕಣ್ಣು ಹಾಯುತ್ತಿತ್ತು. ಆನೆ ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತಿತ್ತು. 1974ರಲ್ಲಿ ಅಭಯಾರಣ್ಯ ಆಯಿತು. ಬೆಂಕಿ ನಿಂತಿತು, ನಮ್ಮವರ ಬೇಸಾಯವೂ ನಿಂತಿತು. ಬೆಂಕಿ ನಿಂತ ಮೇಲೇ ಲಂಟಾನ ಎದ್ದದ್ದು ಅಂತ ನಮ್ಮ ಹಿರಿಯರು ಹೇಳುತ್ತಾರೆ.

ಸಂಶೋಧಕರು ನಮ್ಮ ಬೆಟ್ಟದಲ್ಲಿ 1997ರಲ್ಲೂ ಆಮೇಲೆ 2008ರಲ್ಲೂ ಅಳೆದು ನೋಡಿದ್ದಾರೆ. ಮೊದಲ ಸಲ ನೋಡಿದ ಜಾಗಗಳಲ್ಲಿ ಶೇಕಡಾ 41ರಲ್ಲಿ ಲಂಟಾನ ಇತ್ತು, ಎರಡನೇ ಸಲಕ್ಕೆ ಶೇಕಡಾ 81. ಹನ್ನೊಂದೇ ವರ್ಷ.

ಇನ್ನೊಂದು ಕಾಯಿಲೆ ಇದೆ, ಅದರ ಬಗ್ಗೆ ಯಾರೂ ಮಾತಾಡಲ್ಲ. ಉಪ್ಪಿಲು.

ಅಡಿಕೆಬೇರು
ಉಪ್ಪಿಲು ಅಂದರೆ ನಮ್ಮ ಬದನಿಕೆ ತಾನೇ? ಮಾವಿನ ಮರದ ಮೇಲೆ ಬರುವುದು?

ಪೋಡಿನ_ದನಿ
ಹೌದು ಅಣ್ಣ, ಅದೇ ಜಾತಿಯದು. ನಮ್ಮಲ್ಲಿ ನೆಲ್ಲಿ ಮರದ ಮೇಲೆ ಜಾಸ್ತಿ. ಅದಕ್ಕೆ ತನ್ನದೇ ಹಸಿರೆಲೆ ಇರುತ್ತದೆ. ಆದರೆ ಬೇರು ನೆಲದಲ್ಲಿಲ್ಲ, ನೆಲ್ಲಿಯ ಕೊಂಬೆಯೊಳಗೆ. ನೀರು, ಸತ್ವ ಎಲ್ಲ ಅಲ್ಲಿಂದಲೇ. ಉಪ್ಪಿಲು ಕೂತ ಜಾಗದಲ್ಲಿ ಕೊಂಬೆ ಗಂಟುಕಟ್ಟುತ್ತದೆ, ಗಂಟಿನಾಚೆ ಕಾಯಿ ಕಮ್ಮಿಯಾಗುತ್ತಾ ಬಂದು ಕೊಂಬೆ ಒಣಗುತ್ತದೆ. ಇಡೀ ಮರಕ್ಕೆ ಹಬ್ಬಿದರೆ ಮರವೇ ಹೋಗುತ್ತದೆ. ದೂರದಿಂದ ನೋಡಿದರೆ ಮರ ಸೊಂಪಾಗಿದೆ ಅನ್ನಿಸುತ್ತದೆ, ಹತ್ತಿರ ಹೋದರೆ ಆ ಸೊಪ್ಪು ನೆಲ್ಲಿಯದ್ದೇ ಅಲ್ಲ.

ತರಗು ಬೆಂಕಿಯ ಹೊಗೆ, ಕಾವು ತಾಗಿ ಎಳೆ ಉಪ್ಪಿಲು ಸಾಯುತ್ತಿತ್ತು ಅಂತ ಹಿರಿಯರ ಮಾತು. ನೆಲ್ಲಿಕಾಯಿ ಕೀಳಲು ಮರ ಹತ್ತಿದವರು ಅದನ್ನು ಕಡಿದೂ ಬರುತ್ತಿದ್ದರು. 2006ರ ಹೊತ್ತಿಗೆ ಕಾಡಿನ ಉತ್ಪನ್ನ ಮಾರಾಟಕ್ಕೆ ತೆಗೆಯುವುದೇ ನಿಂತಿತು. ಮರ ಹತ್ತುವವರು ಇಲ್ಲ, ಕಡಿಯುವವರೂ ಇಲ್ಲ. 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ ನಮ್ಮ 25 ಗ್ರಾಮಸಭೆಗಳಿಗೆ ಕಾಡಿನ ಉತ್ಪನ್ನ ತೆಗೆಯುವ ಸಮುದಾಯ ಹಕ್ಕು ಸಿಕ್ಕಿತು. ಅಷ್ಟು ಹೊತ್ತಿಗೆ ಮರ ಎಷ್ಟು ಹೋಗಿದ್ದವೋ.

ಕೀಟಪುರಾಣ
ಪೋಡಿನ ದನಿ ಅಕ್ಕ, ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಬದನಿಕೆ ಹಕ್ಕಿ ಅಂತ ಗುಬ್ಬಿಗಿಂತ ಚಿಕ್ಕ ಹಕ್ಕಿ ಇದೆ. ಆ ಹಣ್ಣು ತಿಂದ ಮೇಲೆ ಅದಕ್ಕೆ ಒಂದು ಪಜೀತಿ. ಬೀಜದ ಸುತ್ತ ಹಲಸಿನ ಮೇಣದಂಥ ಅಂಟು. ಬೀಜ ಹೊರಗೆ ಬಂದರೂ ಹಿಂದೆಯೇ ನೇತಾಡುತ್ತಿರುತ್ತದೆ. ಹಕ್ಕಿ ಕೊಂಬೆಗೆ ಹಿಂಬದಿ ತಿಕ್ಕಿ ತಿಕ್ಕಿ ಒರೆಸುತ್ತದೆ. ಬೀಜ ಬೇಕಾದ ಜಾಗಕ್ಕೇ ಅಂಟಿಕೊಂಡಿತು! ನಮ್ಮ ಮನೆ ಮುಂದಿನ ಮಾವಿನಲ್ಲಿ ಇದನ್ನು ನೋಡುತ್ತಾ ಕೂತು ಒಂದು ದಿನ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಬದನಿಕೆ ನಮ್ಮದೇ ನೆಲದ್ದು, ಲಂಟಾನದ ಥರ ಹೊರಗಿನದ್ದಲ್ಲ. ಸ್ವಲ್ಪ ಇದ್ದರೆ ಹಕ್ಕಿಗೆ ಊಟ. ಮಿತಿ ಮೀರಿದಾಗ ಕಾಯಿಲೆ.

ನಿವೃತ್ತ_ವಾಚರ್
ಪೋಡಿನ ದನಿ, ನಿಮ್ಮ ತಾತನಂಥವರ ಜೊತೆ ಕಾಡು ಸುತ್ತಿದವನು ನಾನು, ಅವರ ತಿಳುವಳಿಕೆ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದು ಕೇಳುತ್ತೇನೆ. ಈಗಿನ ಕಾಡಿಗೆ ತರಗು ಬೆಂಕಿ ಹಾಕಿದರೆ ಅದು ಮಧ್ಯಾಹ್ನಕ್ಕೆ ಆರುತ್ತದಾ?

ಪೋಡಿನ_ದನಿ
ಆರಲ್ಲ. ನಮ್ಮ ದೊಡ್ಡಪ್ಪನೇ ಹೇಳುತ್ತಾರೆ, ಈಗ ಬೆಂಕಿ ಇಟ್ಟರೆ ನೆಲ್ಲಿ ಮರವೂ ಉಳಿಯಲ್ಲ ಅಂತ. ಮೊದಲು ಲಂಟಾನ ತೆಗೆಯಬೇಕು, ಹುಲ್ಲು ವಾಪಸ್ ಬರಬೇಕು, ಆಮೇಲೆ ಬೆಂಕಿಯ ಮಾತು. ನಾನು ರಾಗಿಹೊಲ ಅಣ್ಣನಿಗೆ ಬೆಂಕಿ ಹಾಕಿ ಅಂತ ಹೇಳಲಿಲ್ಲ. ಕಾಡು ಹೀಗಾದದ್ದು ಯಾಕೆ ಅಂತ ಹೇಳಿದೆ ಅಷ್ಟೆ.

ನಿವೃತ್ತ_ವಾಚರ್
ಒಪ್ಪಿದೆ ತಾಯಿ. ನಮ್ಮ ಕಾಲದಲ್ಲಿ ಬೆಂಕಿ ಕಂಡರೆ ಓಡಿ ಆರಿಸು ಅಂತ ಅಷ್ಟೇ ಹೇಳಿಕೊಟ್ಟಿದ್ದು. ಯಾವ ಬೆಂಕಿ ಅಂತ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಸಿಟಿ_ರೈತ
ಸರಿ, ಕಳೆನಾಶಕ ಬೇಡ. ಲಂಟಾನ ತಿನ್ನುವ ಹುಳ ಬಿಟ್ಟರೆ? ಕಾಂಗ್ರೆಸ್ ಗಿಡಕ್ಕೆ ಬಿಟ್ಟಿದ್ದರಲ್ಲ.

ಕೀಟಪುರಾಣ
ಇಗೋ, ನನ್ನ ಪುರಾಣಕ್ಕೆ ಕರೆದಿರಿ. ಕಾಂಗ್ರೆಸ್ ಗಿಡದ ದುಂಬಿಯನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದು, ಮರುವರ್ಷ ಬಿಟ್ಟರು. ಮಳೆಗಾಲದಲ್ಲಿ ಎಲೆ ಪೂರ್ತಿ ಬೋಳಿಸುತ್ತದೆ. ಬೇಸಿಗೆ ಬಂದರೆ ಮಣ್ಣೊಳಗೆ ಹೋಗಿ ನಿದ್ದೆ. ಮಧ್ಯದಲ್ಲಿ ಸೂರ್ಯಕಾಂತಿ ತಿನ್ನುತ್ತದೆ ಅಂತ ದೊಡ್ಡ ಗಲಾಟೆಯೂ ಆಯಿತು. ಅಡಿಕೆಬೇರು ಅವರ ಕಮ್ಯುನಿಸ್ಟ್ ಗಿಡಕ್ಕೂ ಇಂಡೊನೇಷ್ಯಾದಿಂದ ಒಂದು ನೊಣ ತಂದಿದ್ದಾರೆ, 2005ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕಾಂಡದಲ್ಲಿ ಗಂಟು ಮಾಡುತ್ತದೆ, ಗಿಡದ ಬೆಳವಣಿಗೆ ಕುಂಠಿತವಾಗುತ್ತದೆ.

ಲಂಟಾನದ ಕತೆ ಇನ್ನೂ ಮಜವಾಗಿದೆ. 1941ರಲ್ಲಿ ಒಂದು ತಿಗಣೆಯನ್ನು ಆಸ್ಟ್ರೇಲಿಯಾದಿಂದ ಡೆಹ್ರಾಡೂನ್‌ಗೆ ತರಿಸಿದರು. ಜಾಲರಿ ಕೆಲಸದ ರೆಕ್ಕೆ, ನೋಡಲು ಚೆಂದ. ಬಿಡುವ ಮೊದಲು ಪರೀಕ್ಷೆ ಮಾಡಿದಾಗ ತೇಗದ ಹೂವನ್ನೂ ಹೀರಿತು. ತೇಗ ಅಂದರೆ ಅರಣ್ಯ ಇಲಾಖೆಯ ಬಂಗಾರ! ಎಲ್ಲ ಹುಳ ನಾಶ ಮಾಡಿ ಅಂದರು. ಕೆಲವು ವರ್ಷದ ಮೇಲೆ ನೋಡಿದರೆ ಹೊರಗೆ ಲಂಟಾನದ ಮೇಲೆ ಅದೇ ತಿಗಣೆ ಆರಾಮಾಗಿ ಕೂತಿದೆ. ರಾಗಿಹೊಲ ಅವರೇ, ನಿಮ್ಮ ಪೊದೆಯ ಎಲೆ ತಿರುಗಿಸಿ ನೋಡಿ, ಮೇಲೆ ಬೆಳ್ಳಗೆ ಚುಕ್ಕೆ ಚುಕ್ಕೆ, ಅಡಿಯಲ್ಲಿ ಗುಂಪು ಕಂಡರೆ ಅವೇ. ಬೇಸಿಗೆಯಲ್ಲಿ ಎಲೆ ಉದುರಿಸುತ್ತವೆ. ಮಳೆ ಬಂದರೆ ಲಂಟಾನ ಮತ್ತೆ ಚಿಗುರುತ್ತದೆ. ಅವನ್ನು ನಂಬಿ ಕೂರಬೇಡಿ.

ಗಂಧದತೋಟ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಶ್ರೀಗಂಧದ ಆರು ಗಿಡದಲ್ಲಿ ಎಲೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ಈಗ ಕಡ್ಡಿಗೆ ಮುಳ್ಳು ಚುಚ್ಚಿಟ್ಟ ಹಾಗೆ ನೆಟ್ಟಗೆ ನಿಂತಿವೆ. ಹೂ ಇಲ್ಲ. ಗೊಬ್ಬರ ಕಮ್ಮಿಯಾಯಿತಾ?

ಕೀಟಪುರಾಣ
ಗೊಬ್ಬರದ್ದಲ್ಲ, ಸ್ಪೈಕ್ ರೋಗ ಇರಬಹುದು. ನೀವು ಹೇಳಿದ ಲಕ್ಷಣ ಸರಿಯಾಗಿ ಅದೇ. ಕೊಡಗಿನಲ್ಲಿ 1899ರಲ್ಲೇ ಗುರುತಿಸಿದ್ದು. ನಮ್ಮ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆ ರೋಗದ ಜೊತೆಗೆ ಇದರ ಬೆನ್ನೂ ಹತ್ತಿದ್ದರು. ಫೈಟೊಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯಿಂದ ಬರುತ್ತದೆ, ಜಿಗಿಹುಳ ಹರಡುತ್ತದೆ. ಇವತ್ತಿಗೂ ಮರ ವಾಸಿ ಮಾಡುವ ಔಷಧಿ ಇಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಸಂಸ್ಥೆ ಇದೆ, ಅಲ್ಲಿಗೆ ಕೊಂಬೆ ತೋರಿಸಿ. ಹೌದು ಅಂತಾದರೆ ರೋಗದ ಗಿಡ ಬೇಗ ತೆಗೆಯಬೇಕು. ಕಡಿಯಲು ಅನುಮತಿ ಬೇಕು, ಸುಮ್ನೆ ಕೊಡಲಿ ಎತ್ತಬೇಡಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರುತ್ತೇನೆ.

ರಾಗಿಹೊಲ
ಎಲ್ಲ ಓದಿದೆ. ಜೆಸಿಬಿ ಬೇಡ, ಬೆಂಕಿ ಬೇಡ, ಔಷಧಿ ಬೇಡ, ಹುಳವೂ ಆಗಲ್ಲ. ಹಾಗಾದರೆ ನಾನು ಹಂದಿಗಳಿಗೆ ಪಟ್ಟಾ ಮಾಡಿಕೊಡಲಾ?

ನಿವೃತ್ತ_ವಾಚರ್
ಹ್ಹ ಹ್ಹ. ತಡೆಯಿರಿ, ಹೇಳುತ್ತೇನೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ಕಂಡುಕೊಂಡ ಒಂದು ವಿಧಾನ ಇದೆ. ಕಾರ್ಬೆಟ್ ಕಾಡಿನಲ್ಲಿ ಮಾಡಿ ತೋರಿಸಿದ್ದಾರೆ.

ಲಂಟಾನ ಚಿಗುರುವುದು ಕಾಂಡ ಮತ್ತು ಬೇರು ಸೇರುವ ಬುಡದ ಗಂಟಿನಿಂದ. ಅದು ಹೋದರೆ ಕೆಳಗಿನ ಬೇರು ಚಿಗುರಲ್ಲ. ಹಾಗಾಗಿ ಅಗೆಯುವುದು ಬೇಡ. ಒಬ್ಬರು ಉದ್ದ ಕವೆಗೋಲಿನಿಂದ ಪೊದೆಯನ್ನು ಒಂದು ಪಕ್ಕಕ್ಕೆ ಎತ್ತಿ ಹಿಡಿಯಬೇಕು. ಇನ್ನೊಬ್ಬರು ಕೂತು, ಮಣ್ಣಿನಿಂದ ಎರಡು ಬೆರಳು ಕೆಳಗೆ, ಅಂದರೆ ಮೂರರಿಂದ ಐದು ಸೆಂಟಿಮೀಟರು, ತಾಯಿಬೇರಿಗೆ ಏಟು ಹಾಕಬೇಕು. ಚೂಪಾದ ಗುದ್ದಲಿ ಸಾಕು. ಮಣ್ಣು ಅಲ್ಲಾಡಬಾರದು. ಕಡಿದ ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಲು ಬಿಡಿ, ಕೊಂಬೆ ನೆಲ ಮುಟ್ಟಿದರೆ ಬೇರು ಬಿಡುತ್ತದೆ. ಹಣ್ಣಾಗುವ ಮೊದಲೇ ಮಾಡಬೇಕು.

ಕಂದಕದಾಚೆ ಕೈ ಹಾಕಬೇಡಿ, ಅದು ಅರಣ್ಯ. ನಿಮ್ಮ ಗಡಿಯೊಳಗೆ ಮಾತ್ರ.

ಪೋಡಿನ_ದನಿ
ಕಡಿದ ಮೇಲೆ ನೆಲ ಬರಿದಾಗಿ ಬಿಡಬೇಡಿ ಅಣ್ಣ. ಊರ ಹುಲ್ಲಿನ ಬೀಜ ಉದುರುವ ಮೊದಲು ತೆನೆ ಕುಯ್ದಿಟ್ಟುಕೊಂಡು ಮಳೆಗೆ ಮುಂಚೆ ಚೆಲ್ಲಿ. ಗರಿಕೆ ಬೇರು ತಂದು ಊರಿ. ಹುರುಳಿ ಎರಚಿದರೂ ಆಗುತ್ತದೆ, ಬೇಗ ನೆಲ ಮುಚ್ಚುತ್ತದೆ. ಮೊದಲ ವರ್ಷ ಲಂಟಾನ ಸಸಿ ಬಂದೇ ಬರುತ್ತವೆ. ಗೇಣುದ್ದ ಇರುವಾಗ ಮಳೆ ಬಿದ್ದ ಮಾರನೇ ದಿನ ಕೈಯಲ್ಲಿ ಎಳೆದರೆ ಬೇರುಸಮೇತ ಬರುತ್ತದೆ. ಜಮೀನಿನ ಮಧ್ಯೆ ಮರ ಇದ್ದರೆ ಅದರ ಬುಡದಲ್ಲಿ ಮೊದಲು ನೋಡಿ, ಹಕ್ಕಿ ಕೂರುವುದು ಅಲ್ಲೇ. ಕಮ್ಮಿ ಅಂದರೂ ಮೂರು ವರ್ಷ ತಿರುಗಿ ತಿರುಗಿ ನೋಡಬೇಕು. ಕಾಡಲ್ಲಿ ಕೆಲಸ ಹಾಳಾಗುವುದು ಇಲ್ಲೇ. ಮೊದಲ ವರ್ಷ ಕೀಳಲು ದುಡ್ಡು ಬರುತ್ತದೆ, ಎರಡನೇ ವರ್ಷ ಯಾರೂ ಬರಲ್ಲ.

ಸಿಟಿ_ರೈತ
ಕಡಿದ ಕಡ್ಡಿಯಿಂದ ಕುರ್ಚಿ ಮಾಡುತ್ತಾರಲ್ಲ? ಲಾಲ್‌ಬಾಗ್‌ನಲ್ಲಿ 2024ರಲ್ಲಿ ಲಂಟಾನದ ಆನೆಗಳನ್ನು ನಿಲ್ಲಿಸಿದ್ದರು, ಮಗಳ ಜೊತೆ ಹೋಗಿದ್ದೆ. ಮುಟ್ಟಬೇಡ ಅಂದರೂ ಸೊಂಡಿಲು ಸವರಿ ಬಂದಳು. ಇದನ್ನೇ ದೊಡ್ಡ ಉದ್ಯಮ ಮಾಡಿದರೆ ಕಾಡೂ ಖಾಲಿ, ಕೆಲಸವೂ ಸಿಕ್ಕಿತು.

ಪೋಡಿನ_ದನಿ
ಮಾದಪ್ಪನ ಬೆಟ್ಟದ ಕಡೆ ನಮ್ಮವರು, ಬಿದಿರು ಕೆಲಸದವರು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ. ಕಡ್ಡಿಯನ್ನು ದೊಡ್ಡ ಡ್ರಮ್ಮಿನಲ್ಲಿ ಕುದಿಸಿ, ಬಿಸಿ ಇರುವಾಗಲೇ ಸಿಪ್ಪೆ ಸುಲಿದು ಬಗ್ಗಿಸಬೇಕು. ಆರಿದರೆ ಮುರಿಯುತ್ತದೆ. ಗೆದ್ದಲು ಹತ್ತಲ್ಲ, ಬೆತ್ತಕ್ಕಿಂತ ಅಗ್ಗ. ಒಳ್ಳೆ ಕೆಲಸವೇ. ಆದರೆ ಕುರ್ಚಿಗೆ ಬೇಕಾದ್ದು ನೆಟ್ಟಗಿನ, ಹೆಬ್ಬೆರಳು ಗಾತ್ರದ ಕಡ್ಡಿ. ಒಂದು ಪೊದೆಯಲ್ಲಿ ನಾಲ್ಕೈದು ಸಿಕ್ಕರೆ ಜಾಸ್ತಿ. ಅದನ್ನು ಕುಯ್ದರೆ ಬುಡ ಮತ್ತೆ ಚಿಗುರುತ್ತದೆ, ಹೊಸ ಕಡ್ಡಿ ಕೊಡುತ್ತದೆ. ಕುರ್ಚಿ ಮಾಡುವವರಿಗೆ ಲಂಟಾನ ಮುಗಿಯಬಾರದು, ನೋಡಿ.

ಅಡಿಕೆಬೇರು
ಇದು ಯೋಚಿಸಬೇಕಾದ ಮಾತು.

ನಿವೃತ್ತ_ವಾಚರ್
ಇನ್ನೊಂದು ಎಚ್ಚರ. ಹಳದಿ ಹೂವಿನ ಸೆನ್ನಾ ಮರದ ಸಸಿ ಯಾರಾದರೂ ನೆರಳಿಗೆ ಅಂತ ಕೊಟ್ಟರೆ ತರಬೇಡಿ. ವಯನಾಡಿನಲ್ಲಿ, ಮುದುಮಲೆಯಲ್ಲಿ, ನಮ್ಮ ಬಂಡೀಪುರ, ನಾಗರಹೊಳೆಯಲ್ಲಿ ಅದು ಹಬ್ಬುತ್ತಿದೆ. ಲಂಟಾನ ಪೊದೆ, ಇದು ಮರ. ಕಡಿದರೆ ಒಂದು ಬುಡದಿಂದ ಹತ್ತು ಕವಲು. ತಮಿಳುನಾಡಿನವರು ಕಾಗದದ ಕಾರ್ಖಾನೆಗೆ ಕಡಿದು ಸಾಗಿಸುತ್ತಿದ್ದಾರೆ. ಕಕ್ಕೆ ಅಂತ ತಿಳಿದು ಮೋಸ ಹೋಗುವವರು ಬಹಳ. ಕಕ್ಕೆಯ ಹೂ ಗೊಂಚಲು ಜೋತು ಬೀಳುತ್ತದೆ, ಇದರದ್ದು ಮೇಲಕ್ಕೆ ನಿಲ್ಲುತ್ತದೆ.

ರಾಗಿಹೊಲ
ಆರು ತಿಂಗಳ ಮೇಲೆ ಬರುತ್ತಿದ್ದೇನೆ. ನಾನು, ನನ್ನ ಹೆಂಡತಿ, ಇಬ್ಬರು ಕೂಲಿಯವರು ಸೇರಿ ಹತ್ತು ದಿನ ಕಡಿದೆವು. ಮೊದಲ ದಿನ ಬೇರಿನ ಜಾಗ ಸಿಗದೆ ಸುಮ್ನೆ ಮಣ್ಣು ಕೆದಕಿದ್ದೇ ಆಯಿತು. ಮೂರನೇ ದಿನ ಕೈಗೆ ಪಳಗಿತು. ಹೆಂಡತಿಯ ಏಟು ನನಗಿಂತ ಚೆನ್ನಾಗಿ ಬೀಳುತ್ತದೆ. ಮೈಕೈ ಎಲ್ಲ ಗೀರು, ಆ ಎಲೆಯ ವಾಸನೆ ಸ್ನಾನ ಮಾಡಿದರೂ ಹೋಗಲ್ಲ.

ಮಳೆಗೆ ಹುರುಳಿ ಎರಚಿದೆ, ಗರಿಕೆ ಊರಿದೆ. ಜೆಸಿಬಿ ಮಾಡಿದ ಜಾಗದಲ್ಲಿ ಈಗಲೂ ಸಸಿ ಸಿಕ್ಕಾಪಟ್ಟೆ, ವಾರಕ್ಕೊಂದು ಸಲ ಮಕ್ಕಳು ಕೀಳುತ್ತಾರೆ. ಕೈಯಲ್ಲಿ ಕಡಿದ ಬುಡಗಳಿಗೆ ಬಿಳಿ ದಾರ ಕಟ್ಟಿ ಗುರುತು ಮಾಡಿದ್ದೆ, ಅರವತ್ತು. ಹೋದ ವಾರ ಎಣಿಸಿದೆ. ಏಳು ಮತ್ತೆ ಚಿಗುರಿವೆ. ಆ ಏಳೂ ಮೊದಲೆರಡು ದಿನ ನಾನೇ ಕಡಿದವು ಅಂತ ಹೆಂಡತಿ ವಾದ.

ಹಂದಿ ಈಗಲೂ ಬರುತ್ತವೆ. ಆದರೆ ಮಲಗಲು ಜಾಗ ಇಲ್ಲ, ಕಂದಕದಾಚೆಯಿಂದ ಬಂದು ಹೋಗುತ್ತವೆ. ಎಲ್ಲಿಂದ ಬರುತ್ತವೆ ಅಂತ ಕಾಣುತ್ತದೆ, ಅಷ್ಟೇ ಲಾಭ.

ಒಂದು ಪ್ರಶ್ನೆ. ಗರಿಕೆ ಮಧ್ಯೆ ನಾಲ್ಕೈದು ಸಣ್ಣ ಸಸಿ ಎದ್ದಿವೆ. ಎಲೆ ಹುಣಸೆಯ ಥರ, ಇನ್ನೂ ಸಣ್ಣದು. ಕೀಳಲು ಹೋದೆ, ಹೆಂಡತಿ ಬೇಡ ಅಂದಳು. ನಾನಂತೂ ಏನೂ ಬಿತ್ತಿಲ್ಲ.

ಪೋಡಿನ_ದನಿ
ಕೀಳಬೇಡಿ ಅಣ್ಣ! ನೀವು ಹೇಳಿದ್ದು ನೋಡಿದರೆ ನೆಲ್ಲಿ. ಜಿಂಕೆ ಹಣ್ಣು ನುಂಗಿ, ಆಮೇಲೆ ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ನಿಮ್ಮ ಹುಲ್ಲಿನಲ್ಲಿ ರಾತ್ರಿ ಮಲಗಿ ಮೆಲುಕು ಹಾಕಿದೆ ಅಷ್ಟೆ. ಸುತ್ತ ನಾಲ್ಕು ಮುಳ್ಳು ನೆಡಿ.

ರಾಗಿಹೊಲ
ಕಂದಕ ಮುಚ್ಚಿಹೋಗಿದ್ದು ಜಿಂಕೆಗೂ ಗೊತ್ತಾಗಿದೆ ಅನ್ನಿ. ಹುರುಳಿ ಯಾಕೆ ಅರ್ಧ ಮಾಯವಾಯಿತು ಅಂತ ಈಗ ತಿಳಿಯಿತು.